ಅರ್ಧ ಫರ್ಲಾಂಗಿನ ಏರು

ಅಕ್ಕ: ಈಗಿನ ಕಾರು ಹಳತಾಯಿತು, ಹೇಗೂ ಕೊಡ್ಲಿಕ್ಕುಂಟು. ಹೊಸತು ತೆಗೆಯುವುದಾದರೆ ನಾಲ್ಕು ಚಕ್ರಕ್ಕೂ ಎಳೆತ ಇರುವ ಸಣ್ಣ ಗಾಡಿಯೇ ಆಗಲಿ ಅಂತ ನನಗೆ. ಜಿಮ್ನಿ ನೋಡಿ ಬಂದೆ. ಲೇಡಿಹಿಲ್‌ನಿಂದ ಉರ್ವ ಮಾರ್ಕೆಟಿನವರೆಗೆ ಓಡಿಸಿಯೂ ಆಯಿತು. ಎತ್ತರದಲ್ಲಿ ಕೂತರೆ ಬಾನೆಟ್ಟಿನ ಎರಡೂ ಮೂಲೆ ಕಣ್ಣಿಗೆ ಸಿಗ್ತದೆ. ನಿನ್ನ ಭಾವನಿಗೂ ಒಪ್ಪಿಗೆ ಉಂಟು. ಬುಕ್ ಮಾಡುವ ಮೊದಲು ನೀನು ಎಂತ ಹೇಳ್ತಿ ಅಂತ ಕೇಳ್ಬೇಕಿತ್ತು.

ತಮ್ಮ: ಮಂಗಳೂರಿನ ಈ ಮಣ್ಣಗುಡ್ಡದಲ್ಲಿ ಅದಕ್ಕೆ ಎಂತ ಕೆಲಸ ಅಕ್ಕ? ಇಲ್ಲಿ ಗಲ್ಲಿಗಲ್ಲಿಗೂ ಕಾಂಕ್ರೀಟು ಬಿದ್ದಿದೆ.

ಅಕ್ಕ: ಇಲ್ಲಿಗಲ್ಲ, ಅಮ್ಮನಲ್ಲಿಗೆ. ಉಜಿರೆಯವರೆಗೆ ಯಾವ ಕಾರಾದರೂ ಹೋಗ್ತದೆ. ಅಲ್ಲಿಂದ ದಿಡುಪೆ ರಸ್ತೆಯಲ್ಲಿ ನಮ್ಮ ಕವಲಿನವರೆಗೂ ಡಾಮರು. ಮೋರಿ ದಾಟಿದ ಕೂಡಲೆ ಶುರು ಆಗುವ ಆ ಏರು ಉಂಟಲ್ಲ, ಅದೇ. ಜೂನಿನಿಂದ ಸಪ್ಟೆಂಬರಿನವರೆಗೆ ನಾನು ಕಾರನ್ನು ಮೋರಿಯ ಹತ್ತಿರ ಬಿಟ್ಟು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಅಮ್ಮನ ಮದ್ದು, ಸಾಮಾನು ಹಿಡಿದು ನಡೆದೇ ಹತ್ತುವುದು. ನಾನು ಹತ್ತುತ್ತೇನೆ, ಅದು ದೊಡ್ಡದಲ್ಲ. ಅಮ್ಮ ಇಳಿಯುವುದು ಹೇಗೆ? ಆ ಮೊಣಕಾಲಿನಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೇಲೆ ಕಾಲಿಟ್ಟರೆ ಮುಗಿಯಿತು. ಆಚೆ ಮನೆಯ ಮಾಮನ ಜೀಪು ಸಿಕ್ಕಿದರೆ ಡಾಕ್ಟರಲ್ಲಿಗೆ ಹೋಗುವುದು, ಸಿಗದಿದ್ದರೆ ಆ ದಿನ ಇಲ್ಲ. ಮಾಮನಿಗೂ ವಯಸ್ಸಾಯಿತು, ಜೀಪಿಗೂ ಆಯಿತು.

ತಮ್ಮ: ಹಾಗಾದರೆ ಇಡೀ ದಾರಿಯಲ್ಲಿ ನಿನಗೆ ಬೇಕಾದದ್ದು ಅರ್ಧ ಫರ್ಲಾಂಗಿಗೆ.

ಅಕ್ಕ: ಅರ್ಧ ಫರ್ಲಾಂಗೇ ಇರಬಹುದು. ಅದು ದಾಟದಿದ್ದರೆ ಉಳಿದ ದಾರಿ ಇದ್ದೂ ಇಲ್ಲದ ಹಾಗೆ.

ತಮ್ಮ: ಅದು ಸರಿ. ನಾನು ಬೇಡ ಅಂತ ಹೇಳ್ಲಿಕ್ಕೆ ಹೊರಟದ್ದಲ್ಲ. ಆ ಏರಿನಲ್ಲಿ ನಿನ್ನ ಈಗಿನ ಕಾರು ಯಾಕೆ ನಿಲ್ತದೆ ಅಂತ ಮೊದಲು ನೋಡುವ. ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಇಂಜಿನ್ನಿನ ಎಳೆತ ಮುಂದಿನ ಎರಡು ಚಕ್ರಕ್ಕೆ ಮಾತ್ರ. ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗ್ತದೆ, ಮುಂದಿನ ಚಕ್ರ ಹಗುರ ಆಗ್ತದೆ. ಎಳೆಯಬೇಕಾದ ಚಕ್ರಕ್ಕೇ ನೆಲದ ಹಿಡಿತ ತಪ್ಪಿಹೋಗ್ತದೆ. ನಮ್ಮ ಕಡೆ ಕೆಲವರು ಅಂಥ ಕಾರನ್ನು ರಿವರ್ಸಿನಲ್ಲಿ ಹತ್ತಿಸುವುದು ನೋಡಿದ್ದೀಯಲ್ಲ, ಅದು ಇದಕ್ಕೇ. ತಿರುಗಿಸಿ ನಿಲ್ಲಿಸಿದರೆ ಎಳೆಯುವ ಚಕ್ರ ಕೆಳಗೆ ಬರ್ತದೆ, ಭಾರ ಅದರ ಮೇಲೆ ಕೂರ್ತದೆ.

ಅಕ್ಕ: ಮತ್ತೆ ಆ ಸರ್ವೀಸ್ ಜೀಪುಗಳು ಹತ್ತುತ್ತಿದ್ದದ್ದು ಹೇಗೆ? ಉಜಿರೆಯಿಂದ ಕಾಜೂರು, ದಿಡುಪೆಗೆ ಆ ಮಳೆಯಲ್ಲಿ ಎಷ್ಟು ಜನ ತುಂಬಿಸಿಕೊಂಡು ಹೋಗ್ತಿದ್ದವು. ನೀನೂ ಓಡಿಸಿದ್ದೀ. ಎಲ್ಲ ಫೋರ್ ವೀಲಾ?

ತಮ್ಮ: ಎಲ್ಲವೂ ಅಲ್ಲ. ಹಿಂದಿನ ಎರಡೇ ಚಕ್ರಕ್ಕೆ ಎಳೆತ ಇದ್ದ ಜೀಪುಗಳೂ ಬೇಕಾದಷ್ಟು ಇದ್ದವು. ಹಿಂದೆ ಜನ ತುಂಬಿದಷ್ಟು ಆ ಚಕ್ರಕ್ಕೆ ಭಾರ, ಭಾರ ಇದ್ದಷ್ಟು ಹಿಡಿತ. ಖಾಲಿ ಜೀಪು ತಿರುಗಿ ನಿಂತ ಜಾಗದಲ್ಲಿ ತುಂಬಿದ ಜೀಪು ಹತ್ತಿದ್ದುಂಟು. ಟಯರು ಒರಟು, ಗೇರು ಭಾರ ಎಳೆಯುವಂಥದ್ದು, ಡ್ರೈವರಿಗೆ ಪ್ರತಿ ಕಲ್ಲೂ ಗೊತ್ತು. ನಾಲ್ಕು ಚಕ್ರ ಒಂದೇ ಎಲ್ಲ ಮಾಡ್ತದೆ ಅಂತ ತಿಳಿಯಬೇಡ.

ಅಕ್ಕ: ಜಿಮ್ನಿಯಲ್ಲಿ ಒಂದು ಎಕ್ಸ್‌ಟ್ರಾ ಲಿವರ್ ಉಂಟು. ಅಂಗಡಿಯವರು ತೋರಿಸಿದರು. ಅದನ್ನು ಕೆಳಗೆ ಒತ್ತಿ ಹಿಂದೆ ಎಳೆದರೆ ಎಂತ ಏರಾದರೂ ಆಗ್ತದೆ ಅಂದರು.

ತಮ್ಮ: ಆ ಲಿವರೇ ಅದರ ಜೀವ. ಅದರಲ್ಲಿ ಮೂರು ಸ್ಥಾನ. ಮೊದಲನೆಯದರಲ್ಲಿ ಹಿಂದಿನ ಚಕ್ರ ಮಾತ್ರ ಎಳೆಯುವುದು. ಎರಡನೆಯದರಲ್ಲಿ ನಾಲ್ಕೂ. ಮೂರನೆಯದು ಲೋ. ಇಂಜಿನ್ ಅದೇ, ಆದರೆ ಚಕ್ರದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳೀತದೆ, ಬಲ ಇಮ್ಮಡಿ ಆಗ್ತದೆ. ಕ್ಲಚ್ಚು ಅರ್ಧ ಒತ್ತಿ ಸುಡುವ ಕೆಲಸ ಇಲ್ಲ. ಫಸ್ಟಿನಲ್ಲಿ ಬಿಟ್ಟರೆ ಆಮೆಯ ಹಾಗೆ ಹತ್ತುತ್ತದೆ. ಇಳಿಯುವಾಗ ಇನ್ನೂ ಉಪಕಾರ: ಕಾಲು ಬ್ರೇಕಿನಲ್ಲಿ ಇಡದೆ ಇಂಜಿನ್ನಿನ ಹಿಡಿತದಲ್ಲೇ ಇಳಿಯಬಹುದು. ಒದ್ದೆ ಮುರಕಲ್ಲಿನಲ್ಲಿ ಬ್ರೇಕ್ ಒತ್ತಿ ಚಕ್ರ ಜಾರಿಸಿದವರೇ ಕಣಿಗೆ ಬೀಳುವುದು. ಒಂದು ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗಿದರೆ ಗಾಡಿಯೇ ಅದಕ್ಕೆ ಬ್ರೇಕ್ ಹಿಡಿದು ಎಳೆತವನ್ನು ಆಚೆ ಚಕ್ರಕ್ಕೆ ಕೊಡುವ ವ್ಯವಸ್ಥೆಯೂ ಅದರಲ್ಲಿ ಉಂಟು. ನೆಲದಿಂದ 210 ಮಿಲಿಮೀಟರ್ ಎತ್ತರ, ಭಾರ ಸುಮಾರು 1,200 ಕಿಲೋ ಮಾತ್ರ. ಕೆಸರಿನಲ್ಲಿ ಹಗುರ ಗಾಡಿಯೇ ಲೇಸು. ಆ ಏರಿಗೆ ಅದು ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ಹತ್ತುತ್ತದಾ ಅಂತ ನೀನು ಕೇಳಿದರೆ, ಹತ್ತುತ್ತದೆ. ನನಗೆ ಸಂಶಯ ಇಲ್ಲ.

ಅಕ್ಕ: ಹಾಗಾದರೆ ಮುಗಿಯಿತಲ್ಲ.

ತಮ್ಮ: ಮುಗಿಯಲಿಲ್ಲ. ಉಳಿದ ದಿನ ಅದನ್ನು ಇಲ್ಲಿ ಓಡಿಸುವುದು ನೀನಲ್ಲವಾ? ಒಣ ಕಾಂಕ್ರೀಟಿನ ಮೇಲೆ ಫೋರ್ ಹಾಕಿ ತಿರುಗಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡ ಸುತ್ತು ಬರ್ತದೆ. ಫೋರಿನಲ್ಲಿ ಮುಂದಿನ, ಹಿಂದಿನ ಶಾಫ್ಟು ಒಂದಕ್ಕೊಂದು ಕಟ್ಟಿಬೀಳ್ತವೆ, ನಡುವೆ ಸಡಿಲು ಕೊಡುವ ಡಿಫರೆನ್ಶಿಯಲ್ ಇಲ್ಲ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ತೀರಿಸಿಕೊಳ್ತದೆ. ಕಾಂಕ್ರೀಟಿನಲ್ಲಿ ಜಾರ್ಲಿಕ್ಕೆ ಜಾಗ ಇಲ್ಲ, ಎಲ್ಲ ಬಿಗಿತ ಹಲ್ಲುಗಳ ಮೇಲೆ ಬೀಳ್ತದೆ. ಅಂದರೆ ಮಣ್ಣಗುಡ್ಡದಲ್ಲಿ ಇಡೀ ವರ್ಷ ಅದು ಹಿಂದಿನ ಎರಡು ಚಕ್ರದ ಕಾರು. ಮುಂದಿನ ಶಾಫ್ಟು, ಆಕ್ಸಲ್ಲು, ಟ್ರಾನ್ಸ್‌ಫರ್ ಪೆಟ್ಟಿಗೆ ಎಲ್ಲದರ ಭಾರಕ್ಕೂ ಪೆಟ್ರೋಲು ಮಾತ್ರ ನೀನೇ ಹಾಕಬೇಕು.

ಅಕ್ಕ: ಮಳೆಗಾಲದಲ್ಲಿ ಇಲ್ಲಿಯೂ ಪ್ರಯೋಜನಕ್ಕೆ ಬರ್ತದೆ ಅಂತ ನಾನು ಎಣಿಸಿದ್ದೆ. 2018ರ ಮೇ 29 ನೆನಪುಂಟಾ? ಊರಿಗೆ ಊರೇ ಮುಳುಗಿದ ಹಾಗೆ ಆಗಿತ್ತು. ಕೊಟ್ಟಾರಚೌಕಿಯಲ್ಲಿ ಈಗಲೂ ಒಂದು ಒಳ್ಳೆ ಮಳೆ ಬಂದರೆ ನೀರು ನಿಲ್ತದೆ.

ತಮ್ಮ: ನೀರಿಗೂ ನಾಲ್ಕು ಚಕ್ರಕ್ಕೂ ಸಂಬಂಧ ಇಲ್ಲ ಅಕ್ಕ, ಇದನ್ನು ದಯಮಾಡಿ ಮನಸ್ಸಿಗೆ ತಕ್ಕೊ. ಇಂಜಿನ್ ಉಸಿರು ಎಳೆಯುವ ಬಾಯಿ ಎಷ್ಟು ಎತ್ತರದಲ್ಲುಂಟು ಅನ್ನುವುದರ ಮೇಲೆ ಅದು ನಿಂತಿದೆ. ಅಲ್ಲಿಗೆ ನೀರು ಹೋದರೆ ಸಿಲಿಂಡರಿನೊಳಗೆ ಗಾಳಿಯ ಹಾಗೆ ಅದು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗಿಹೋಗ್ತದೆ. ಸಾಮಾನ್ಯ ಇನ್ಶೂರೆನ್ಸಿನಲ್ಲಿ ಅದಕ್ಕೆ ದುಡ್ಡು ಸಿಗುವುದು ಕಷ್ಟ, ಇಂಜಿನ್ ರಕ್ಷಣೆ ಅಂತ ಬೇರೆಯೇ ಸೇರಿಸಬೇಕು. ಯಾವ ಕಾರು ತೆಗೆದರೂ ಮಂಗಳೂರಿನಲ್ಲಿ ಅದನ್ನು ಸೇರಿಸದೆ ಬಿಡಬೇಡ. ಇನ್ನು ಹರಿಯುವ ನೀರು. ಒಂದು ಅಡಿ ರಭಸದ ನೀರು ಸಾಕು, ಸಣ್ಣ ಗಾಡಿ ತೇಲಲಿಕ್ಕೆ. ಹಗುರ ಅಂತ ಕೆಸರಿನಲ್ಲಿ ಹೊಗಳಿದೆನಲ್ಲ, ತೋಡಿನಲ್ಲಿ ಆ ಹಗುರವೇ ಅಪಾಯ. 2019ರ ಆಗಸ್ಟಿನಲ್ಲಿ ನಮ್ಮ ಬೆಳ್ತಂಗಡಿ ಕಡೆ ಹೊಳೆ ಎಂತ ಮಾಡಿತು, ಚಾರ್ಮಾಡಿ ಘಾಟಿ ಎಷ್ಟು ಸಮಯ ಮುಚ್ಚಿತ್ತು, ಎಲ್ಲ ನೋಡಿದವರು ನಾವು. ಗುಡ್ಡ ಜರಿದಲ್ಲಿ ಯಾವ ಲಿವರೂ ಕೆಲಸಕ್ಕೆ ಬರುವುದಿಲ್ಲ. ಬ್ರೇಕಿನ ವಿಷಯವೂ ಹಾಗೆಯೇ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೂ ಉಂಟು. ಫೋರ್ ವೀಲು ಹೊರಡಲಿಕ್ಕೆ ಸಹಾಯ ಮಾಡ್ತದೆ, ನಿಲ್ಲಲಿಕ್ಕೆ ಟಯರೇ ಬೇಕು.

ಅಕ್ಕ: ಥಾರ್ ಆಗಬಹುದಾ ಅಂತ ನಿನ್ನ ಭಾವ ಕೇಳ್ತಿದ್ದರು. ಅದು ನೀರಿನಲ್ಲಿ 650 ಮಿಲಿಮೀಟರಿನವರೆಗೂ ಹೋಗ್ತದಂತೆ.

ತಮ್ಮ: 2020ರಲ್ಲಿ ಬಂದ ಮೂರು ಬಾಗಿಲಿನದ್ದಾ? ಗಟ್ಟಿ ಗಾಡಿ. ಆದರೆ ಜಿಮ್ನಿಯ ಅಗಲ 1,645 ಮಿಲಿಮೀಟರ್, ಥಾರಿನದ್ದು 1,820. ನಿಮ್ಮ ಫ್ಲಾಟಿನ ಕೆಳಗಿನ ಕಂಬಗಳ ನಡುವೆ ಒಮ್ಮೆ ಟೇಪು ಹಿಡಿದು ನೋಡು. ಅಮ್ಮನನ್ನು ಅದರ ಹಿಂದಿನ ಸೀಟಿಗೆ ಹತ್ತಿಸುವ ಯೋಚನೆಯಂತೂ ಬಿಡು. ಮುಂದಿನ ಸೀಟು ಮಡಚಿ ಒಳಗೆ ನುಸುಳಬೇಕು.

ಅಕ್ಕ: ಹಳೆಯ ಜಿಪ್ಸಿ? ಅಪ್ಪನಿಗೆ ಅದರ ಮೇಲೆ ಎಷ್ಟು ಆಸೆ ಇತ್ತು!

ತಮ್ಮ: 1985ರಲ್ಲಿ ಬಂದದ್ದು, 2019ಕ್ಕೆ ನಿಂತೇಹೋಯಿತು. ಒಳ್ಳೆಯದು ಸಿಗುವುದೇ ಅಪರೂಪ, ಸಿಕ್ಕಿದರೆ ರೇಟು ಜಾಸ್ತಿ. ಎಲೆ ಸ್ಪ್ರಿಂಗಿನ ಗಾಡಿ, ಮಂಗಳೂರಿನಿಂದ ಅಲ್ಲಿಯವರೆಗೆ ಕೂತರೆ ನಿನಗೇ ಬೆನ್ನು ನೋವು ಬರ್ತದೆ. ಅದಕ್ಕೆ ಹೋಲಿಸಿದರೆ ಜಿಮ್ನಿ ಎಷ್ಟೋ ಮೇಲು, ಕಾಯಿಲ್ ಸ್ಪ್ರಿಂಗು, ಆರು ಏರ್‌ಬ್ಯಾಗು.

ಅಕ್ಕ: ನೋಡು, ನೀನೇ ಹೊಗಳ್ತಿ. ನಮ್ಮ ಹರಿಯಾಣದಲ್ಲಿ ಮಾಡಿ ಜಪಾನಿಗೆ ಕಳಿಸಿದರೆ, 2025ರ ಜನವರಿಯಲ್ಲಿ ಅಲ್ಲಿ ನಾಲ್ಕೇ ದಿನದಲ್ಲಿ ಸುಮಾರು 50,000 ಜನ ಬುಕ್ ಮಾಡಿದರಂತೆ, ಕಂಪನಿ ಬುಕ್ಕಿಂಗನ್ನೇ ನಿಲ್ಲಿಸಬೇಕಾಯಿತು. ಇಲ್ಲಿ ಮಾತ್ರ ತೆಗೆಯುವವರು ಕಡಿಮೆ.

ತಮ್ಮ: ಜಪಾನಿನಲ್ಲಿ ಸುಜುಕಿಯವರು ಈ ಜಾತಿಯ ಸಣ್ಣ ಗಾಡಿಯನ್ನು 1970ರಿಂದ ಮಾಡ್ತಾ ಬಂದಿದ್ದಾರೆ, ಮೊದಲನೆಯದರ ಇಂಜಿನ್ 360 ಸಿಸಿ. ಅಲ್ಲಿ ಹಿಮ ಬೀಳುವ ಊರುಗಳುಂಟು, ಮನೆ ಬಾಗಿಲಿನಿಂದಲೇ ಜಾರುವ ದಾರಿ ಶುರು ಆಗ್ತದೆ. ಅಂಥವರಿಗೆ ಗಾಡಿ ಬೇಕಾದ ಜಾಗದಲ್ಲೇ ಇರ್ತದೆ. ಈ ಮಾತಿಗೆ ನಾನು ಆಮೇಲೆ ಬರ್ತೇನೆ. ದುಡ್ಡಿನ ಲೆಕ್ಕ ಮಾಡಿದ್ದೀಯಾ?

ಅಕ್ಕ: 2023ರ ಜೂನಿನಲ್ಲಿ ಬಂದಾಗ 12.74 ಲಕ್ಷದಿಂದ ಶುರು ಇತ್ತು. 2025ರ ಸಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾದ ಮೇಲೆ ಸ್ವಲ್ಪ ಇಳಿದಿದೆ.

ತಮ್ಮ: ಶೇಕಡಾ 45 ಇದ್ದದ್ದು 40 ಆಯಿತು, ಅಷ್ಟೆ. ಉದ್ದ ನಾಲ್ಕು ಮೀಟರಿನ ಒಳಗಿದ್ದರೂ ಪೆಟ್ರೋಲ್ ಇಂಜಿನ್ 1,200 ಸಿಸಿ ದಾಟಿದ ಕಾರಣ ಸಣ್ಣ ಕಾರಿನ ಶೇಕಡಾ 18 ಅದಕ್ಕೆ ಸಿಗುವುದಿಲ್ಲ. ಅದರ ಮೇಲೆ ಹತ್ತು ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದ ರಸ್ತೆ ತೆರಿಗೆ ಶೇಕಡಾ 17. ಎರಡು ಲಕ್ಷದ ಮೇಲೆ ಅಲ್ಲಿಯೇ ಹೋಯಿತು. ಕೂರುವುದು ನಾಲ್ಕೇ ಜನ. ಹಿಂದೆ ಸಾಮಾನಿಡುವ ಜಾಗ 208 ಲೀಟರ್, ಅಮ್ಮನ ಗಾಲಿಕುರ್ಚಿ ಇಡಬೇಕಾದರೆ ಹಿಂದಿನ ಸೀಟು ಮಡಚಬೇಕು. ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುವಂಥದ್ದು, ಗೋಡೆಗೆ ಒತ್ತಿ ನಿಲ್ಲಿಸಿದರೆ ತೆರೆಯಲಿಕ್ಕೇ ಆಗುವುದಿಲ್ಲ. ಅದೆಲ್ಲ ಇರಲಿ, ಅಮ್ಮ ಅದಕ್ಕೆ ಹತ್ತುವುದು ಹೇಗೆ ಅಂತ ಯೋಚಿಸಿದ್ದೀಯಾ?

ಅಕ್ಕ: ಒಂದು ಮೆಟ್ಟಿಲು ಇಟ್ಟರೆ...

ತಮ್ಮ: ಮಳೆಯಲ್ಲಿ, ಇಳಿಜಾರಿನಲ್ಲಿ, ಒದ್ದೆ ಚಪ್ಪಲಿಯಲ್ಲಿ. ಮಾಮನ ಜೀಪಿಗೆ ಇಬ್ಬರು ಹಿಡಿದು ಹತ್ತಿಸುವುದು ನೀನು ನೋಡಿದ್ದೀ. ನೆಲದಿಂದ ಎತ್ತರ ಇರುವ ಗಾಡಿ ಕಲ್ಲಿಗೆ ಒಳ್ಳೆಯದು, ಮೊಣಕಾಲಿಗೆ ಒಳ್ಳೆಯದಲ್ಲ. ತಿರುಗಿ ಕೂತು ಕಾಲು ಒಳಗೆ ತಕ್ಕೊಳ್ಳುವಷ್ಟೇ ಎತ್ತರದ ಸೀಟು ಅವಳಿಗೆ ಬೇಕಾದದ್ದು. ತೆಗೆಯುವ ಮೊದಲು ಒಮ್ಮೆ ಅವಳನ್ನು ಕೂರಿಸಿ ನೋಡು.

ಅಕ್ಕ: ಇದು ನನಗೆ ಹೊಳೆದಿರಲಿಲ್ಲ ಅಂತಲ್ಲ. ಅಲ್ಲಿಯವರೆಗೆ ಬಾಗಿಲಿಗೇ ಗಾಡಿ ಬರ್ತದಲ್ಲ, ನಿಧಾನಕ್ಕೆ ಹತ್ತಿಸುವ ಅಂತ ಧೈರ್ಯ.

ತಮ್ಮ: ಸರಿ, ಈಗ ನನ್ನ ಮುಖ್ಯ ಪ್ರಶ್ನೆ. ಮಳೆ ಜೋರಿರುವ ಆಟಿ ತಿಂಗಳ ಒಂದು ರಾತ್ರಿ ಅಮ್ಮನಿಗೆ ಎದೆ ಹಿಡಿಯಿತು ಅಂತ ಇಟ್ಟುಕೊ. ಆಗ ಜಿಮ್ನಿ ಎಲ್ಲಿರ್ತದೆ?

ಅಕ್ಕ: ...ಇಲ್ಲಿ. ಮಣ್ಣಗುಡ್ಡದಲ್ಲಿ.

ತಮ್ಮ: ಇಲ್ಲಿಂದ ನೀನು ಹೊರಟು, ಬಿ.ಸಿ. ರೋಡು, ಗುರುವಾಯನಕೆರೆ, ಉಜಿರೆ ದಾಟಿ ಮುಟ್ಟಬೇಕಾದರೆ ಆ ಮಳೆಯಲ್ಲಿ ಎರಡು ಗಂಟೆಯ ಮೇಲೆಯೇ ಬೇಕು. ಅಷ್ಟರ ಮೊದಲು ಬರುವುದು 108ರ ಗಾಡಿ. ಅದು ಮೋರಿಯ ಹತ್ತಿರ ನಿಲ್ತದೆ. ಉಜಿರೆಯ ರಿಕ್ಷಾ ಆದರೂ ಅಲ್ಲಿಯೇ ನಿಲ್ತದೆ. ಮೇಲಿನಿಂದ ಅಲ್ಲಿಯವರೆಗೆ ಅಮ್ಮನನ್ನು ಕುರ್ಚಿಯಲ್ಲಿ ಹೊತ್ತುಕೊಂಡೇ ಇಳಿಸಬೇಕು. ನೀನು ತೆಗೆಯುವ ಗಾಡಿ ನಿನ್ನನ್ನು ಮೇಲೆ ಮುಟ್ಟಿಸ್ತದೆ, ಅಮ್ಮನಿಗೆ ಬೇಕಾದವರನ್ನು ಯಾರನ್ನೂ ಮುಟ್ಟಿಸುವುದಿಲ್ಲ. ಗ್ಯಾಸಿನವನು, ಗೊಬ್ಬರದ ಪಿಕಪ್ಪು, ದನದ ಡಾಕ್ಟರು ಎಲ್ಲರಿಗೂ ಆ ಏರು ಹಾಗೆಯೇ ಇರ್ತದೆ. ಹದಿನಾಲ್ಕು, ಹದಿನೈದು ಲಕ್ಷ ಕೊಟ್ಟು ಏರನ್ನು ಅಲ್ಲಿಯೇ ಬಿಟ್ಟು ಬರುವುದು ಯಾಕೆ ಅಂತ ನನಗೆ.

ಅಕ್ಕ: ಕಾಂಕ್ರೀಟು ಹಾಕಿಸು ಅಂತ ಹೇಳ್ತಿ.

ತಮ್ಮ: ಹೌದು.

ಅಕ್ಕ: ಅಪ್ಪ ಇದ್ದಾಗಲೇ ಆ ಮಾತು ಬಂದದ್ದು. ಪಂಚಾಯತಿನವರು ಖಾಸಗಿ ಜಾಗದ ದಾರಿ ಅಂದರು. ಮೂರು ಮನೆಯವರು ನೀನು ಕೊಡು, ನಾನು ಕೊಡು ಅಂತ ಹೇಳಿ ಅಲ್ಲಿಯೇ ನಿಂತಿತು. ಒಬ್ಬಳೇ ಹಾಕಿಸಿದರೆ ನಾಳೆ ಅದರ ಮೇಲೆ ಕಲ್ಲಿನ ಲಾರಿ ಹೋಗಿ ಒಡೆದರೆ ಕೇಳುವವರು ಯಾರು? ಕಾರಾದರೆ ನನ್ನದು, ನನ್ನ ಕೈಯಲ್ಲಿರ್ತದೆ. ರಸ್ತೆಗೆ ಹಾಕಿದ ದುಡ್ಡು ವಾಪಸು ಬರುವುದಿಲ್ಲ.

ತಮ್ಮ: ಕಾರಿಗೆ ಹಾಕಿದ್ದೂ ಬರುವುದಿಲ್ಲ ಅಕ್ಕ. ಶೋರೂಮಿನಿಂದ ಇಳಿದ ದಿನದಿಂದ ಅದರ ಬೆಲೆ ಇಳೀತಾ ಹೋಗ್ತದೆ. ಮತ್ತೆ, ಇಡೀ ಏರಿಗೆ ಹಾಕಬೇಕಾಗಿಲ್ಲ. ಎರಡು ಚಕ್ರ ಹೋಗುವಲ್ಲಿ ಎರಡೆರಡು ಅಡಿಯ ಎರಡು ಪಟ್ಟಿ ಸಾಕು, ನಡುವೆ ಕಲ್ಲು ಹಾಸಿದರಾಯಿತು. ತಿರುವಿನಲ್ಲಿ ಮಾತ್ರ ಪೂರ್ತಿ ಅಗಲಕ್ಕೆ ಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಪಟ್ಟಿಯಿಂದ ಹೊರಗೆ ಬೀಳ್ತದೆ. ಹೊಯಿಗೆ, ಜಲ್ಲಿ ಮೋರಿಯವರೆಗೆ ಲಾರಿಯಲ್ಲಿ ಬರ್ತದೆ. ಮೇಲ್ಮೈ ನಯ ಮಾಡಬಾರದು. ಹಸಿ ಇರುವಾಗಲೇ ಅಡ್ಡಕ್ಕೆ ಗೀರು ಎಳೆಯಬೇಕು, ನೀರು ಓರೆಯಾಗಿ ಕಣಿಗೆ ಹೋಗುವ ಹಾಗೆ. ನಮ್ಮ ಕಡೆಯ ಎಷ್ಟೋ ಕಾಂಕ್ರೀಟಿನ ಏರುಗಳು ಎರಡು ಮಳೆಗಾಲದಲ್ಲಿ ಪಾಚಿ ಹಿಡಿದು ಮಣ್ಣಿಗಿಂತ ಹೆಚ್ಚು ಜಾರುವುದು ಈ ಗೀರು ಇಲ್ಲದ್ದಕ್ಕೆ.

ಅಕ್ಕ: ನೀರಿನದ್ದೇ ಹೆದರಿಕೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಮೇಲೆ ಬೀಳುವ ಮಳೆ ಇದು. ಆ ತಿರುವಿನ ಹತ್ತಿರ ಗುಡ್ಡದಿಂದ ಒರತೆ ಬರ್ತದೆ, ನವೆಂಬರಿನವರೆಗೂ ನಿಲ್ಲುವುದಿಲ್ಲ. ಕಾಂಕ್ರೀಟಿನ ಅಡಿಯಿಂದ ಮಣ್ಣು ತೊಳೆದುಹೋದರೆ?

ತಮ್ಮ: ಅದು ನೀನು ಹೇಳಿದ್ದು ಸರಿಯಾದ ಹೆದರಿಕೆ. ಕಾಂಕ್ರೀಟು ಹಾಳಾಗುವುದು ಮೇಲಿನಿಂದ ಅಲ್ಲ, ಅಡಿಯಿಂದ. ಅದಕ್ಕೇ ಮೊದಲು ಕಣಿ, ಆಮೇಲೆ ರಸ್ತೆ. ಗುಡ್ಡದ ಬದಿಗೆ ಕಣಿ ತೆಗೆದು, ಒರತೆಯ ನೀರನ್ನು ತಿರುವಿನ ಮೇಲ್ಗಡೆಯೇ ಹಿಡಿದು, ಪೈಪು ಹಾಕಿ ದಾರಿಯ ಅಡಿಯಿಂದ ತೋಡಿಗೆ ದಾಟಿಸಬೇಕು. ಅದು ಮಾಡದೆ ಸಿಮೆಂಟು ಹಾಕಿದರೆ ದುಡ್ಡು ದಂಡ. ಕೆಲಸ ಫೆಬ್ರವರಿಯಲ್ಲೇ ಆಗಬೇಕು. ಆಗ ನೆಲ ಒಣಗಿರ್ತದೆ, ತೋಡಿನಲ್ಲಿ ನೀರೂ ಉಳಿದಿರ್ತದೆ, ಮೂರು ವಾರ ಗೋಣಿ ಹಾಸಿ ನೆನೆಸಲಿಕ್ಕೆ ಸಾಕು. ಏಪ್ರಿಲ್ ಅಂತ ಮುಂದೂಡಿದರೆ ತೋಡು ಬತ್ತುತ್ತದೆ. ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಳೆಯೂ ಶುರು.

ಅಕ್ಕ: ಮೂರು ಮನೆಯ ವಿಷಯ?

ತಮ್ಮ: ಮಾಮನ ಜೀಪು ಇನ್ನೆಷ್ಟು ವರ್ಷ ಹತ್ತೀತು? ಅವರಿಗೂ ಅದು ಗೊತ್ತುಂಟು. ಅವರ ಮಗ ಬೈಕು ಮೋರಿಯಲ್ಲೇ ಬಿಡುವುದು. ನೀನು ಹೆಚ್ಚು ಪಾಲು ಹಾಕ್ತೇನೆ ಅಂತ ಮೊದಲೇ ಹೇಳು. ಒಂದು ಕಾಗದದಲ್ಲಿ ಮೂವರ ಸಹಿ ಇರಲಿ, ಭಾರದ ಲಾರಿ ಬಿಡುವುದಿಲ್ಲ ಅಂತ, ದಾರಿ ಮೂರು ಮನೆಗೂ ಹಕ್ಕಿನದ್ದು ಅಂತ. ಅಪ್ಪನ ಕಾಲದಲ್ಲಿ ಮಾತು ನಿಂತದ್ದು ಯಾರು ಮೊದಲು ಕೈ ಹಾಕುವುದು ಅನ್ನುವುದರಲ್ಲಿ.

ಅಕ್ಕ: ನನಗೆ ಆ ಗಾಡಿ ಇಷ್ಟ ಆಗಿದೆ, ಅದು ಸುಳ್ಳಲ್ಲ. ಓಡಿಸುವಾಗ ಒಂದು ಧೈರ್ಯ ಬರ್ತದೆ. ಕುದುರೆಮುಖದ ಕಡೆ ಹೋಗುವ ಅಂತಲೂ ಇತ್ತು.

ತಮ್ಮ: ಇಷ್ಟಕ್ಕೆ ತೆಗೆಯುವುದಾದರೆ ತೆಗೆ, ಸಂತೋಷದಿಂದ ತೆಗೆ, ದುಡಿದ ದುಡ್ಡು ನಿನ್ನದು. ಅಮ್ಮನ ಹೆಸರಿನಲ್ಲಿ ಮಾತ್ರ ತೆಗೆಯಬೇಡ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ, ಡಾಮರು ಬಿಟ್ಟು ಚಕ್ರ ಇಳಿಸಲಿಕ್ಕಿಲ್ಲ, ಇಳಿಸಲೂಬಾರದು. ಆ ಹುಲ್ಲಿನ ಗುಡ್ಡದ ಮೇಲೆ ಒಮ್ಮೆ ಚಕ್ರದ ಗೆರೆ ಬಿದ್ದರೆ ಮುಂದಿನ ಮಳೆಗೆ ಅದೇ ನೀರಿನ ದಾರಿ ಆಗ್ತದೆ. ನಮ್ಮ ಹೊಳೆಗಳೆಲ್ಲ ಹುಟ್ಟುವ ಜಾಗ ಅದು. ಮಾಂದಲಪಟ್ಟಿಯಂಥ ಕಡೆಗಾದರೆ ಅಲ್ಲಿಯವರದ್ದೇ ಬಾಡಿಗೆ ಜೀಪು ಉಂಟು, ಅವರ ಹೊಟ್ಟೆಯೂ ತುಂಬ್ತದೆ.

ಅಕ್ಕ: ಮೇಸ್ತ್ರಿ ಬಂದು ನೋಡಿ ಆ ತಿರುವಿನಲ್ಲಿ ಆಗುವುದೇ ಇಲ್ಲ ಅಂದರೆ?

ತಮ್ಮ: ಆಗ ನಾನೇ ಜಿಮ್ನಿ ತೆಗೆ ಅಂತ ಹೇಳ್ತೇನೆ. ಆದರೆ ಅದು ಇಲ್ಲಿ ಇರಬಾರದು. ಅಮ್ಮನ ಅಂಗಳದಲ್ಲಿ ನಿಲ್ಲಿಸಬೇಕು, ಬೀಗದ ಕೈ ಮಾಮನ ಮಗನ ಹತ್ತಿರ ಇರಬೇಕು. ನೀನು ಹೋಗುವಾಗ ಬಸ್ಸಿನಲ್ಲಿ ಉಜಿರೆಗೆ ಹೋಗು, ಅವನು ಬಂದು ಕರ್ಕೊಂಡು ಹೋಗ್ತಾನೆ. ಹಾಗಾದರೆ ಅದಕ್ಕೆ ಕೊಟ್ಟ ಪ್ರತಿ ರೂಪಾಯಿಗೂ ಬೆಲೆ ಉಂಟು.

ಅಕ್ಕ: ಆಗುವುದಾದರೆ?

ತಮ್ಮ: ಆಗುವುದಾದರೆ ಸೀಟು ತಗ್ಗು ಇರುವ, ಶೇಕಡಾ 18ರ ತೆರಿಗೆಯ ಯಾವುದಾದರೂ ಸಣ್ಣ ಕಾರು. ಮೇ ಕೊನೆಗೆ ಟಯರಿನ ಗೆರೆ ನೋಡು, ಸವೆದಿದ್ದರೆ ಮಳೆಗೆ ಮೊದಲೇ ಬದಲಿಸು.

ಅಕ್ಕ: ಮಾಮನಿಗೆ ನಾನೇ ಫೋನ್ ಮಾಡ್ತೇನೆ, ನೀನು ಮಾಡಬೇಡ. ನೀನು ಮಾತಾಡಿದರೆ ಲೆಕ್ಕದಲ್ಲೇ ಶುರು ಮಾಡ್ತಿ. ಬುಕ್ಕಿಂಗಿಗೆ ಇಟ್ಟ ದುಡ್ಡು ಹಾಗೆಯೇ ಉಂಟು, ಮೊದಲ ಲೋಡು ಜಲ್ಲಿಗೆ ಅದು ಸಾಕಾ?

ತಮ್ಮ: ಜಲ್ಲಿ ಆಮೇಲೆ. ಮೊದಲು ಪೈಪು.